ರೇಡಿಯೋಗೆ ಚಳಿ

ಒಂದು ಚಳಿಗಾಲ ಪೂರ್ತಿ ನಮ್ಮ ಮನೆಯ ರೇಡಿಯೋಗೆ ಚಳಿಯಾಗುತ್ತಿತ್ತು. ನಗಬೇಡಿ. ಮನೆಯ ದೊಡ್ಡವರೆಲ್ಲ ಒಂಚೂರೂ ನಗದೆ, ಗಂಭೀರವಾಗಿ ಹಾಗೆಂದೇ ಹೇಳುತ್ತಿದ್ದರು. ಇನ್ನೂ ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನ ನಾನೂ ಅಷ್ಟೇ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಆ ಚಳಿ ಮತ್ತೆ ನೆನಪಾದದ್ದು ಮೊನ್ನೆ, ಕಗ್ಗದಾಸಪುರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಹುಡುಗಿ ಮೇಘನಾ ಫೋನು ಹಿಡಿದುಕೊಂಡು ಮೇಲೆ ಬಂದಾಗ. ಫೋನಿನಲ್ಲಿ ಯಾರವೋ ಎರಡು ಕೈಗಳು, ಉದ್ದನೆಯ ಒಂದು ಕೊಕ್ಕೆ ಕಡ್ಡಿ, ಕಡ್ಡಿಯ ತುಂಬ ಉಲ್ಲನ್ನಿನ ಕುಣಿಕೆಗಳು.

"ಆಂಟಿ, ಇದು ಟ್ಯುನೀಷಿಯನ್ ಕ್ರೋಶಾ. ತುಂಬಾ ರೇರು. ನೀವು ನೋಡಿರಲ್ಲ."

"ನೋಡಿಲ್ವಾ? ಇದ್ರಲ್ಲೇ ಕಣೇ ನಾನು ನಮ್ಮನೆ ರೇಡಿಯೋಗೆ ಕಂಬಳಿ ಹಾಕಿದ್ದು!"

ಪಾಪದ ಹುಡುಗಿ, ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿದಳು. ಟ್ಯುನೀಷಿಯಾ ಎಂಬ ದೇಶ ಯಾವ ದಿಕ್ಕಿಗಿದೆಯೋ ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಈ ಹೆಣಿಗೆಯ ಊರು ಶಿವಾಜಿನಗರ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಪಕ್ಕದ ಕಿರುದಾರಿಯಲ್ಲಿ ನುಗ್ಗಿದರೆ ಸಿಗುತ್ತಿದ್ದ ನಮ್ಮ ವಠಾರ. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳಕ್ಕೊಂದು ನಲ್ಲಿ, ನಲ್ಲಿಯ ಸುತ್ತ ಬೆಳಗಾದರೆ ತಮಿಳಿನಲ್ಲಿ ಜಗಳ, ದಖ್ನಿಯಲ್ಲಿ ಪಂಚಾಯಿತಿ, ಕನ್ನಡದಲ್ಲಿ ಬೈಗುಳ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿದ್ದುದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ಗೋಡೆಗೆ ಒಂದು ಮರದ ಹಲಗೆ, ಅದರ ಮೇಲೆ ರೇಡಿಯೋ. ಮದುವೆಯಲ್ಲಿ ಅಮ್ಮನ ಜೊತೆ ಬಂದದ್ದು. ಅಪ್ಪ ಕೆಲಸದಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ಅದರ ಕಿವಿ ಹಿಂಡಿ ವಾರ್ತೆ ಹಾಕುತ್ತಿದ್ದ. ಆ ಹಲಗೆಯ ಕೆಳಗೆ ಗೋಡೆಗೊರಗಿ ಕೂರುತ್ತಿದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ. ಇದೇ ಕಗ್ಗದಾಸಪುರ ಹೊಲಗದ್ದೆಯ ಹಳ್ಳಿಯಾಗಿದ್ದಾಗ ಇಲ್ಲಿ ಹುಟ್ಟಿ ಬೆಳೆದ ಹೆಂಗಸು. ರಾಗಿ ಬೀಸಿದ ತೋಳು, ಅದಕ್ಕಿಂತ ಗಟ್ಟಿ ಬಾಯಿ.

ಅಂಗಳದ ಆಚೆಬದಿಯ ಒಂದೇ ಕೋಣೆಯ ಮನೆ ಜುಬೇದಾ ಖಾಲಾ ಅವರದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಾರ್ಕೆಟ್ಟಿನ ಅಂಗಡಿಗೆ ಟೋಪಿ, ಸ್ವೆಟರು ಹಾಕಿಕೊಡುತ್ತಿದ್ದರು. ಅವರ ಹತ್ತಿರ ನಾನಾ ತರಹದ ಕಡ್ಡಿಗಳಿದ್ದವು, ಆದರೆ ನನ್ನ ಕಣ್ಣು ಇದ್ದದ್ದು ಆ ಒಂದು ಉದ್ದ ಕಡ್ಡಿಯ ಮೇಲೆ: ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಕುಣಿಕೆ ಜಾರಿಹೋಗದ ಹಾಗೆ ಅಂಟಿಸಿದ ಕೆಂಪು ಮಣಿ. ಮಧ್ಯಾಹ್ನದ ಹೊತ್ತು ಖಾಲಾ, ಅಜ್ಜಿ ಇಬ್ಬರೂ ಅಂಗಳದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ವಯಸ್ಸಿನಲ್ಲಿ ಹಿರಿಯಳೆಂದು ಖಾಲಾ ಅಜ್ಜಿಯನ್ನು ದೊಡ್ಡಮ್ಮಾ ಎನ್ನುತ್ತಿದ್ದರು. ಇಬ್ಬರಿಗೂ ಒಬ್ಬರನ್ನೊಬ್ಬರು ರೇಗಿಸದೆ ತಿಂದದ್ದು ಅರಗುತ್ತಿರಲಿಲ್ಲ.

ಆ ವರ್ಷ ಅಮ್ಮ ಬಸುರಿ. ನನಗೂ ಈ ಬಸುರಿಗೂ ನಡುವೆ ಒಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ಹೋಗಿದ್ದ. ಅವನಿಗಾಗಿ ಅಮ್ಮ ಮುಂಚೆಯೇ ಕುಲಾವಿ ಹೊಲಿದಿದ್ದಳು, ಅಂಗಿ ಹೊಲಿದಿದ್ದಳು, ಹಾಸಿಗೆಗೆ ಹೂವಿನ ಅಂಚು ಕೂಡ ಕಟ್ಟಿದ್ದಳು. ಹುಟ್ಟುವ ಮೊದಲೇ ಕೂಸಿಗೆ ಹೊಸದು ಜೋಡಿಸಿಟ್ಟರೆ ಕೇಡು ಎಂದು ನಮ್ಮ ಕಡೆ ನಂಬಿಕೆ. ಹುಟ್ಟಿದ ಮೇಲೂ ಮೊದಲು ಹೊದಿಸುವುದು ಯಾರಾದರೂ ಉಟ್ಟು ಮೆದುವಾದ ಹಳೆಯ ಬಟ್ಟೆ. ಹೊಸದೇನಿದ್ದರೂ ನಾಮಕರಣದ ಮೇಲೆ. ಅಜ್ಜಿಗೆ ಇದು ಬರೀ ನಂಬಿಕೆಯಲ್ಲ, ಕಣ್ಣಾರೆ ಕಂಡ ಸತ್ಯವಾಗಿಬಿಟ್ಟಿತ್ತು. ಈ ಸಲ ಅಮ್ಮನಿಗೆ ಮೂರನೇ ತಿಂಗಳು ಎಂದು ತಿಳಿದ ದಿನವೇ ಅಜ್ಜಿ ಅವಳ ಹೊಲಿಗೆ ಸಾಮಾನಿನ ಟ್ರಂಕಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಂದು ನೂಲಿನ ಎಳೇನೂ ಆ ಕೂಸಿನ ಹೆಸರಲ್ಲಿ ಈ ಮನೆ ಹೊಸ್ತಿಲು ದಾಟ್ಬಾರ್ದು. ಕೇಳಿಸ್ತಾ?"

ಅಮ್ಮ "ಹೂಂ ಅತ್ತೆ" ಎಂದಳು. ಅಮ್ಮ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಆದರೆ ಖಾಲಾ ಅಂಗಳದಲ್ಲಿ ಹೆಣೆಯುತ್ತಾ ಕೂತರೆ ಅಮ್ಮ ಕೈಯಲ್ಲಿದ್ದ ಪಾತ್ರೆ ಮರೆತು ಆ ಉಲ್ಲನ್ನನ್ನೇ ನೋಡುತ್ತಿದ್ದಳು. ಈ ಕೂಸಾದರೂ ಉಳಿಯಬೇಕು, ಅದಕ್ಕೊಂದು ಬೆಚ್ಚನೆಯ ಹೊದಿಕೆ ಇರಬೇಕು, ಅದನ್ನು ನಾನೇ ಹಾಕಬೇಕು: ಇಷ್ಟೇ ನನ್ನ ಹಠ. ಒಂದು ಮಧ್ಯಾಹ್ನ ಖಾಲಾ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಅವರು ಅಂಗಡಿ ಕೆಲಸದಲ್ಲಿ ಉಳಿದ ಹಸಿರು, ಬಿಳಿ ಉಲ್ಲನ್ ಉಂಡೆಗಳನ್ನು ಡಬ್ಬಿಯಿಂದ ತೆಗೆದು, ಆ ಉದ್ದ ಕಡ್ಡಿಯನ್ನು ನನ್ನ ಕೈಗಿಟ್ಟರು. ಸರಪಳಿ ಹೆಣೆದು ಮೊದಲ ಸಾಲು ಶುರುಮಾಡಿದ್ದೆವೋ ಇಲ್ಲವೋ, ಅಜ್ಜಿ ನೆರಳು ಬಿತ್ತು.

"ಏನದು?"

ನಾನು ಬಾಯಿ ಬಿಡುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ದನಿ ಬಂತು. ಅಮ್ಮ ಅತ್ತೆಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ರೇಡಿಯೋಗೆ ಕವರು ಅತ್ತೆ. ಧೂಳು ಕೂರುತ್ತೆ ಅಂತ."

ಅಜ್ಜಿ ಸರಪಳಿಯ ಉದ್ದ ನೋಡಿದಳು, ಒಳಗಿನ ಹಲಗೆಯ ಕಡೆ ನೋಡಿದಳು, ಅಮ್ಮನ ಹೊಟ್ಟೆ ನೋಡಿದಳು.

"ಉಲ್ಲನ್ ಕವರಾ? ರೇಡಿಯೋಗೇನು ಚಳಿ ಆಯ್ತದಾ?"

"ಹೌ ದೊಡ್ಡಮ್ಮಾ," ಎಂದರು ಖಾಲಾ, ತಲೆ ಎತ್ತದೆ. "ಈ ಸಲ ಬಹಳ ಥಂಡಿ. ಪಾಪ, ಮಾತಾಡಿ ಮಾತಾಡಿ ಅದಕ್ಕೆ ಗಂಟಲು ಕಟ್ಟಿದೆ."

ಅಜ್ಜಿ ನಗಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ. ಹಾಗೆ ನಮ್ಮ ಮನೆಯಲ್ಲಿ ರೇಡಿಯೋಗೆ ಚಳಿ ಹತ್ತಿಕೊಂಡಿತು.

ಈ ಹೆಣಿಗೆಯಲ್ಲಿ ಬಟ್ಟೆಯನ್ನು ತಿರುಗಿಸುವುದಿಲ್ಲ. ಬಲದಿಂದ ಎಡಕ್ಕೆ ಹೋಗುತ್ತಾ ಒಂದೊಂದು ಹೊಲಿಗೆಯಿಂದ ಒಂದೊಂದು ಕುಣಿಕೆ ಎತ್ತಿ ಎಲ್ಲವನ್ನೂ ಕಡ್ಡಿಯ ಮೇಲೆ ಕೂರಿಸಿಕೊಳ್ಳಬೇಕು. ಎಡದಿಂದ ಬಲಕ್ಕೆ ವಾಪಸು ಬರುತ್ತಾ ಅವನ್ನು ಒಂದೊಂದಾಗಿ ಇಳಿಸುತ್ತಾ ಬರಬೇಕು, ಕಡ್ಡಿಯ ಮೇಲೆ ಕೊನೆಗೊಂದೇ ಉಳಿಯುವ ತನಕ. ಖಾಲಾ ಒಂದೊಂದು ಹೊಲಿಗೆಯನ್ನೂ 'ಘರ್' ಎನ್ನುತ್ತಿದ್ದರು. ನನಗೆ ಕನ್ನಡದಲ್ಲಿ ಹೇಳುವಾಗ 'ಮನೆ'.

"ಹೋಗ್ತಾ ಮನೆ ಮನೆಗೂ ಹೋಗಿ ಎಲ್ಲಾರ್ನೂ ಕರ್ಕೊಂಡ್ ಹೋಗ್ಬೇಕು ಬೇಟಿ. ಬರ್ತಾ ಒಬ್ಬೊಬ್ರನ್ನೇ ಅವರವರ ಮನೇಲಿ ಬಿಟ್ಟು ಬರ್ಬೇಕು. ಯಾರ್ನೂ ಬೀದೀಲಿ ಬಿಡೋದು ನಕ್ಕೋ."

ಸ್ಕೂಲಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುವ ಆಯಾ ನಾನೇ ಎಂದುಕೊಂಡು ಹೆಣೆದೆ. ಬೆರಳು ನೋಯಿತು, ಉಲ್ಲನ್ ಬೆವರಿಗೆ ಅಂಟಿತು. ನಾಲ್ಕು ಬೆರಳು ಅಗಲ ಏರುವಷ್ಟರಲ್ಲಿ ನನ್ನ ಬಟ್ಟೆ ಕರಿದ ಹಪ್ಪಳದ ಹಾಗೆ ಸುರುಟಿಕೊಂಡು ಮೇಲೆದ್ದಿತು. ಕೈಯಲ್ಲಿ ಒತ್ತಿದೆ, ಮಣೆಯ ಕೆಳಗಿಟ್ಟು ಮೇಲೆ ಕೂತೆ. ಎದ್ದ ಕೂಡಲೇ ಮತ್ತೆ ಸುರುಟಿತು. ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕು, ಸೀದಾ ಒಂದೇ ಹಾಕಿದರೆ ಹಾಗೇ, ನಡುನಡುವೆ ಉಲ್ಟಾ ಬೇಕು ಎಂದರು. ಸೀದಾ ಹಾಕುವಾಗ ದಾರ ಬಟ್ಟೆಯ ಹಿಂದೆ ಇರುತ್ತದೆ. ಉಲ್ಟಾ ಹಾಕುವಾಗ ದಾರವನ್ನು ಮೊದಲು ಮುಂದಕ್ಕೆ ತಂದುಕೊಂಡು, ಆಮೇಲೆ ಕೊಕ್ಕೆಯನ್ನು ಮನೆಯೊಳಗೆ ತೂರಿಸಿ, ದಾರವನ್ನು ಹಿಂದಕ್ಕೆ ಹಾಯಿಸಿ ಎಳೆಯಬೇಕು. ಆಗ ಮುಂಭಾಗದಲ್ಲಿ ಒಂದು ಪುಟ್ಟ ಗುಬುಟು ಏಳುತ್ತದೆ. ಒಂದು ಸೀದಾ, ಒಂದು ಉಲ್ಟಾ. ಮುಂದಿನ ಸಾಲಿನಲ್ಲಿ ಸೀದಾ ಇದ್ದ ಕಡೆ ಉಲ್ಟಾ, ಉಲ್ಟಾ ಇದ್ದ ಕಡೆ ಸೀದಾ. ದಾರ ಮುಂದಕ್ಕೆ ತರುವುದನ್ನು ನಾನು ಮರೆಯುತ್ತಿದ್ದೆ, ಖಾಲಾ ಬಿಚ್ಚಿಸುತ್ತಿದ್ದರು. ಮತ್ತೆ ಮರೆಯುತ್ತಿದ್ದೆ, ಮತ್ತೆ ಬಿಚ್ಚಿಸುತ್ತಿದ್ದರು. ಬರಬರುತ್ತಾ ಕೈಗೇ ಗೊತ್ತಾಗಿ, ಬಟ್ಟೆ ತೆಪ್ಪಗೆ ಮಲಗತೊಡಗಿತು. ಅದರ ಮೈತುಂಬ ಗುಬುಟು ಗುಬುಟು. ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿ ಬೇಡವೆಂದರೂ ಕಣ್ಣು ಹಾಯಿಸಿದಳು.

"ಅವರೆಕಾಳು ಹರಡ್ದಂಗೈತೆ," ಎಂದಳು. ನಮ್ಮ ಮನೆಯಲ್ಲಿ ಆ ಹೆಣಿಗೆಗೆ ಅಂದಿನಿಂದ ಅದೇ ಹೆಸರು.

ಅವರೆಕಾಯಿಯ ಕಾಲದಲ್ಲಿ ನಮ್ಮ ಮನೆಯಲ್ಲಿ ಬೇರೆ ಅಡುಗೆಯೇ ಇಲ್ಲ. ಅವರೆಕಾಳು ಉಪ್ಪಿಟ್ಟು, ಅವರೆಕಾಳು ಸಾರು, ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದೊಂದೇ ಕಾಳಿನ ಸಿಪ್ಪೆ ಹಿದುಕಿ ಮಾಡುವ ಹಿದುಕಿದ ಬೇಳೆ ಸಾರು. ಬಾಗಿಲಲ್ಲಿ ನಿಂತರೇ ಸೊಗಡು ಮೂಗಿಗೆ ಹೊಡೆಯುತ್ತಿತ್ತು. ಹಾಗೆ ಒಂದು ಮಧ್ಯಾಹ್ನ ಅಜ್ಜಿ ನಮಗೆ ಬೆನ್ನು ಹಾಕಿ ಮೊರದ ಮುಂದೆ ಕೂತಿದ್ದಳು. ಅಮ್ಮ ಬಾಗಿಲಿಗೊರಗಿ ಕಾಲು ಚಾಚಿದ್ದಳು. ಖಾಲಾ ನನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಬರಬರುತ್ತಾ ಅಗಲ ಕಮ್ಮಿಯಾಗಿ, ಲಂಗದ ಹಾಗೆ ಕಾಣುತ್ತಿತ್ತು. ಪ್ರತಿ ಸಾಲಿನ ತುದಿಯಲ್ಲಿ, ಅಂಚಿನ ಹೊಲಿಗೆಯನ್ನು ನಾನು ಎತ್ತುತ್ತಲೇ ಇರಲಿಲ್ಲ.

"ಅಯ್ಯೋ ಅಲ್ಲಾ! ನೋಡು, ಒಂದೊಂದೇ ಮನೆ ಖಾಲಿ ಆಗ್ತಾ ಬಂದಿದೆ. ಮನೆ ಬಿಟ್ಟು ಹೋಗ್ತಾ ಇದೆ ನೋಡು. ಹೀಗಾದ್ರೆ ಕೊನೆಗೆ ಏನೂ ಉಳಿಯಲ್ಲ!"

ಮೊರ ದಢಾರೆಂದು ಬಿತ್ತು. ಕಾಳೆಲ್ಲ ಅಂಗಳದ ಪಾಲು. ಅಜ್ಜಿ ಎದ್ದು ನಿಂತಿದ್ದಳು. ಮುಖ ನೋಡುವ ಹಾಗಿರಲಿಲ್ಲ.

"ಬಸುರಿ ಹೆಂಗ್ಸು ಎದುರಿಗೆ ಕೂತವ್ಳೆ, ಏನು ಮಾತು ಅಂತ ಆಡ್ತೀಯ? ನಿನ್ ಮನೆ ಖಾಲಿ ಅಂತ ನಮ್ಮನೇನೂ ಖಾಲಿ ಆಗ್ಲಿ ಅಂತೀಯಾ?"

ನಲ್ಲಿಯ ಹತ್ತಿರದ ಜಗಳ ಕೂಡ ನಿಂತುಹೋಯಿತು. ಖಾಲಾ ಬಟ್ಟೆಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟರು. ಕಡ್ಡಿಯನ್ನೂ ಕೇಳದೆ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ದಿನವೂ ಆ ಬಾಗಿಲು ತೆರೆಯಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಅಮ್ಮ ಊಟ ಬಿಟ್ಟಳು. ಅಪ್ಪ ವಾರ್ತೆಯನ್ನು ಸಣ್ಣಗೆ ಹಾಕಿಕೊಂಡು ಕೇಳಿದ. ಅಜ್ಜಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಒಬ್ಬಳೇ ಕೂತು, ಒಂದು ಎಲೆಗೆ ಸುಣ್ಣ ಸವರಿ, ಬಾಯಿಗೂ ಹಾಕಿಕೊಳ್ಳದೆ ಹಾಗೇ ಇಟ್ಟುಬಿಡುತ್ತಿದ್ದಳು. ನನಗೆ ಅಜ್ಜಿಯ ಮೇಲೆ ಕೋಪ ಉಕ್ಕುತ್ತಿತ್ತು, ನೋಡಿದರೆ ಅಳುವೂ ಬರುತ್ತಿತ್ತು. ಕೊನೆಗೆ ಹೆಣಿಗೆಯನ್ನೇ ಹಿಡಿದುಕೊಂಡು ಹೋಗಿ ಅವಳ ಮಡಿಲಲ್ಲಿ ಹಾಕಿದೆ.

"ಅಜ್ಜಿ, ಮನೆ ಅಂದ್ರೆ ಇದು. ಈ ತೂತು. ಇದನ್ನ ನಾನು ಎತ್ತದೆ ಬಿಟ್ಟಿದ್ದೆ. ಖಾಲಾ ಬೈದಿದ್ದು ನನ್ನ."

ಅಜ್ಜಿ ಅವರೆ ಸುಲಿದು ಕಪ್ಪಾದ ಉಗುರಿನಲ್ಲಿ ಆ ಹೊಲಿಗೆಯನ್ನು ಮುಟ್ಟಿ ನೋಡಿದಳು.

"ಇದಕ್ಕಾ ಮನೆ ಅನ್ನೋದು? ಇಷ್ಟು ಪುಟಾಣಿಗಾ?"

"ಹೂಂ."

"ಅಯ್ಯೋ, ನನ್ ಬಾಯಿಗಿಷ್ಟು ಮಣ್ಣು ಹಾಕ," ಎಂದು ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು. "ಮೊದ್ಲೇ ಬೊಗಳೋಕೇನಾಗಿತ್ತೇ ಅಮ್ಮಣ್ಣಿ ನಿನಗೆ?"

ಆ ದಿನ ಹಿದುಕಿದ ಬೇಳೆ ಸಾರನ್ನು ಅಜ್ಜಿ ತಾನೇ ಮಾಡಿದಳು, ಅಮ್ಮನನ್ನು ಒಲೆಯ ಹತ್ತಿರ ಬಿಡಲಿಲ್ಲ. ದೊಡ್ಡ ಬಟ್ಟಲಿನ ತುಂಬ ಬಡಿಸಿಕೊಂಡು, ಸೆರಗಿನಲ್ಲಿ ಹಿಡಿದು, ನನ್ನನ್ನು ಮುಂದೆ ಮಾಡಿಕೊಂಡು ಅಂಗಳ ದಾಟಿದಳು. ಖಾಲಾ ಬಾಗಿಲು ತೆರೆದರು.

"ಸಾರು ಜಾಸ್ತಿ ಆಗೋಯ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ," ಎಂದಳು ಅಜ್ಜಿ.

ಖಾಲಾ ಬಟ್ಟಲು ತೆಗೆದುಕೊಂಡು ನಿಂತಲ್ಲೇ ಒಂದು ಗುಟುಕು ಕುಡಿದರು.

"ಉಪ್ಪು ಕಮ್ಮಿ ಇದೆ ದೊಡ್ಡಮ್ಮಾ."

"ನಿನ್ ನಾಲಿಗೆ ಕೆಟ್ಟೈತೆ. ಉಣ್ಣು." ಅಜ್ಜಿ ಸೆರಗಿನ ತುದಿ ತಿರುಚಿದಳು. "ಜುಬೇದಾ, ಅವತ್ತು ನಾನು ಆಡಿದ್ದು..."

"ಬೇಟಿ, ಒಂಚೂರು ಉಪ್ಪು ತಗೊಂಡ್ ಬಾ," ಎಂದು ಖಾಲಾ ನನ್ನನ್ನು ಓಡಿಸಿದರು. ನಾನು ಉಪ್ಪು ತರುವಷ್ಟರಲ್ಲಿ ಇಬ್ಬರೂ ಹೊಸ್ತಿಲಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು. ಏನು ಮಾತಾಡಿದರೋ, ಯಾರೂ ನನಗೆ ಹೇಳಲಿಲ್ಲ.

ಮತ್ತೆ ಎಲ್ಲ ಬಿಚ್ಚಿದೆವು, ಮತ್ತೆ ಮೊದಲಿನಿಂದ. ಅಂಚಿನ ಹೊಲಿಗೆ ಬಟ್ಟೆಯ ಪಕ್ಕಕ್ಕೆ ಹೊರಳಿಕೊಂಡು ಕಾಣದ ಹಾಗಿರುತ್ತದೆ. ಬೆರಳಿನಿಂದ ಬಿಡಿಸಿ ನೋಡಿ, ಅದರ ಎರಡೂ ಎಳೆಯ ಕೆಳಗೆ ಕೊಕ್ಕೆ ಹಾಕಿ ಎತ್ತಬೇಕು. ನಾನು ಆಗಲೂ ಒಮ್ಮೊಮ್ಮೆ ತಪ್ಪಿಸುತ್ತಿದ್ದೆ. ಆದರೆ ಖಾಲಾ ಆಮೇಲೆ ಒಂದು ಸಲವೂ 'ಮನೆ ಬಿಟ್ಟುಹೋಯ್ತು' ಎನ್ನಲಿಲ್ಲ. "ಇನ್ನೊಂದ್ ಮನೆ ಇದೆ ಬೇಟಿ, ಹೋಗಿ ಕರ್ಕೊಂಡ್ ಬಾ," ಎನ್ನುತ್ತಿದ್ದರು. ಮೊನ್ನೆ ಮೇಘನಾಗೆ ಇದನ್ನು ಕಲಿಸಲು ಕೂತು, ಅವಳ ಹೆಣಿಗೆಯ ಅಂಚು ಕಮ್ಮಿಯಾದಾಗ ನನ್ನ ಬಾಯಿಂದ ತಾನಾಗಿ ಬಂದದ್ದೂ ಅದೇ ಮಾತು. ಒಂದು ಮಾತನ್ನು ಇನ್ನೊಬ್ಬರ ಭಯಕ್ಕಾಗಿ ಹೀಗೆ ತಿರುಗಿಸಿ ಇಡಬಹುದು ಎಂಬುದನ್ನು ನಾನು ಆ ಅಂಗಳದಲ್ಲೇ ಕಲಿತದ್ದು.

ಅಮ್ಮನ ಹೊಟ್ಟೆ ಬೆಳೆದ ಹಾಗೆ ನನ್ನ ಹೆಣಿಗೆಯೂ ಬೆಳೆಯಿತು. ಇನ್ನೇನು ಮುಗಿಸೋಣ ಎಂದುಕೊಂಡಾಗಲೆಲ್ಲ ಅಜ್ಜಿ ಬಂದು ಗೇಣು ಹಾಕಿ ಅಳೆದು, ಅಮ್ಮನ ಕಡೆ ಒಮ್ಮೆ ನೋಡಿ, "ರೇಡಿಯೋ ಬೆಳೀತಾ ಐತೆ. ಇನ್ನೊಂದು ಗೇಣು ಹಾಕು," ಎನ್ನುತ್ತಿದ್ದಳು. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರುವ ಹೊತ್ತಿಗೆ ಮುಗಿಯಿತು. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡಳು, ಆಮೇಲೆ ಮೆಲ್ಲಗೆ ಮಡಿಸಿ, ಬೀಗದ ಕೈ ಕೇಳುತ್ತಾ ಟ್ರಂಕಿನ ಕಡೆ ಹೊರಟಳು.

"ಎಲ್ಲಿಗೆ?" ಎಂದಳು ಅಜ್ಜಿ. "ರೇಡಿಯೋ ಕವರು ಅಂದ್ಮೇಲೆ ರೇಡಿಯೋ ಮ್ಯಾಲೇ ಇರ್ಬೇಕು. ಹಾಕಲ್ಲಿ."

ಅಮ್ಮನ ಮುಖ ಬಾಡಿಹೋಯಿತು. ನಾನು ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಮುದುಕಿಗೆ ಕರುಣೆಯೇ ಇಲ್ಲ, ನನ್ನ ಹೊದಿಕೆ ಆ ಮರದ ಡಬ್ಬಿಯ ಪಾಲಾಯಿತು, ಕೂಸಿಗೆ ಇನ್ನು ಸಿಕ್ಕ ಹಾಗೇ ಎಂದು ಮನಸ್ಸಿನಲ್ಲೇ ಬೈದೆ. ಅದು ರೇಡಿಯೋವನ್ನು ಮುಚ್ಚಿ, ಹಲಗೆ ದಾಟಿ, ಕೆಳಗೆ ಕೂತ ಅಜ್ಜಿಯ ತಲೆಯ ತನಕ ಇಳಿಬಿದ್ದಿತ್ತು. ಅಪ್ಪ ಮದುಮಗಳ ಮುಸುಕೆತ್ತುವ ಹಾಗೆ ಎತ್ತಿ ಗುಂಡಿ ತಿರುಗಿಸಬೇಕಾಗಿತ್ತು. "ವಾರ್ತೆ ಓದೋನಿಗೆ ನೆಗಡಿ ಆಗಿದೆ," ಎಂದು ಗೊಣಗುತ್ತಿದ್ದ. ಅಜ್ಜಿ ಮಾತ್ರ ಅದನ್ನು ಆಗಾಗ ತೆಗೆದು, ಸೀಗೆಪುಡಿ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಕೊಡವಿ, ಮತ್ತೆ ರೇಡಿಯೋಗೇ ಹೊದಿಸುತ್ತಿದ್ದಳು. ಹೀಗೆ ಒಗೆದೂ ಒಗೆದೂ ನನ್ನ ಅವರೆಕಾಳುಗಳ ಬಿಗಿ ಸಡಿಲಿ, ಮುಟ್ಟಿದರೆ ಬೆಕ್ಕಿನ ಮೈಯಂತಾಗಿದ್ದವು.

ಚಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಮ್ಮನಿಗೆ ನೋವು ಶುರುವಾಗಿ ಅಪ್ಪ ಆಟೋ ತಂದ. ಅಜ್ಜಿಯೂ ಆಸ್ಪತ್ರೆಗೆ ಹೋದಳು. ನಾನು ಖಾಲಾ ಮನೆಯಲ್ಲಿ ಅವರ ಸೆರಗು ಹಿಡಿದುಕೊಂಡು ಕೂತೆ. ಹೋದ ಸಲವೂ ಹೀಗೇ ಆಟೋದಲ್ಲಿ ಹೋಗಿದ್ದರು. ಇಬ್ಬರೂ ಆ ಮಾತು ಎತ್ತಲಿಲ್ಲ. ಬಿಸಿಲು ಏರಿದ ಮೇಲೆ ಅಜ್ಜಿ ಒಬ್ಬಳೇ ಓಡುತ್ತಾ ಬಂದಳು. ನಮ್ಮ ಮನೆಯೊಳಗೆ ಹೋಗಿ ಏನೋ ಗಂಟು ಕಟ್ಟಿಕೊಂಡು ಹೊರಬಂದು, "ಬನ್ರೇ, ಹೆಣ್ಣು! ಗುಂಡುಕಲ್ಲಿದ್ದಂಗವ್ಳೆ!" ಎಂದು ಇಡೀ ವಠಾರಕ್ಕೆ ಕೇಳುವಂತೆ ಕೂಗಿದಳು. ನನಗೆ ಚಪ್ಪಲಿ ಹಾಕಿಕೊಳ್ಳುವುದೂ ನೆನಪಾಗಲಿಲ್ಲ.

ವಾರ್ಡಿನ ಮೂಲೆಯ ಮಂಚದಲ್ಲಿ ಅಮ್ಮ. ಪಕ್ಕದಲ್ಲಿ ಆಸ್ಪತ್ರೆಯ ಬಟ್ಟೆಯ ತುಂಡಿನಲ್ಲಿ ಕೆಂಪಗೆ ಮುಖ ಕಿವುಚಿಕೊಂಡು ಅಳುತ್ತಿದ್ದ ನನ್ನ ತಂಗಿ. ಅಮ್ಮನ ದನಿ ಮೇಲೇಳುತ್ತಿರಲಿಲ್ಲ.

"ಹಳೇ ಸೀರೆ ತಂದ್ರಾ ಅತ್ತೆ?"

ಅಜ್ಜಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಹಸಿರು, ಬಿಳಿ ಅವರೆಕಾಳು. ಅಮ್ಮ ಹೆದರಿ ಎದ್ದು ಕೂರಲು ಹೋದಳು.

"ಬೇಡ ಅತ್ತೆ, ಅದು ಹೊಸದು! ಈಗ್ಲೇ ಬೇಡ..."

"ಹೊಸದೆಲ್ಲಿ ಬಂತು?" ಎಂದಳು ಅಜ್ಜಿ. "ಸಂಕ್ರಾಂತಿಯಿಂದ ನಿನ್ ರೇಡಿಯೋ ದಿನಾ ಹೊದ್ಕೊಂಡೈತೆ. ನಾನು ಒಗೆದೂ ಒಗೆದೂ ಹಾಕಿವ್ನಿ. ಹೊದ್ದು ಹೊದ್ದು ಹಳೇದಾಗೋಗೈತೆ. ಅದಕ್ಕಿನ್ನು ಚಳಿ ಬಿಡ್ತು."

ಅಮ್ಮ ಅಜ್ಜಿಯ ಕೈ ಹಿಡಿದುಕೊಂಡು ಅತ್ತಳು. ಅಷ್ಟು ದಿನ ಬೈದದ್ದಕ್ಕೆಲ್ಲ ನಾನೂ ಅವಳ ಸೀರೆಗೆ ಮುಖ ಒತ್ತಿ ಅತ್ತೆ. ಅಜ್ಜಿ ನಮ್ಮಿಬ್ಬರನ್ನೂ ಕೊಡವಿಕೊಂಡು, ಕೂಸನ್ನು ಆ ಹೊದಿಕೆಯಲ್ಲಿ ಸುತ್ತಿ, ಬಾಗಿಲ ಕಡೆ ತಿರುಗಿದಳು. ಖಾಲಾ ಅಲ್ಲೇ, ಹೊಸ್ತಿಲಿನಾಚೆ ನಿಂತುಬಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಮಕ್ಕಳಿಲ್ಲದವರನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ, ಅದು ಅವರಿಗೆ ಅಭ್ಯಾಸವಾಗಿತ್ತು.

"ಅಲ್ಲೇನು ಕಂಬ ನಿಂತಂಗೆ ನಿಂತಿದ್ದೀಯ? ಬಾ, ಕೈ ಚಾಚು. ಮೊದ್ಲು ನೀನೇ ಎತ್ಕೋ."

ಖಾಲಾ ಬಂದು ಕೈ ಚಾಚಿದರು. ಕೂಸು ಅಳು ನಿಲ್ಲಿಸಿತು. ಅವರ ಬೆರಳು ತಾನಾಗಿ ಹೊದಿಕೆಯ ಅಂಚಿನ ಮೇಲೆ ಮೇಲಿಂದ ಕೆಳಗಿನ ತನಕ, ಒಂದೊಂದು ಹೊಲಿಗೆಯನ್ನೂ ಮುಟ್ಟುತ್ತಾ ನಡೆಯಿತು.

"ಎಲ್ಲಾ ಮನೇಲೂ ಜನ ಇದ್ದಾರೆ ದೊಡ್ಡಮ್ಮಾ," ಎಂದರು.

"ಇರ್ಲಿ," ಎಂದಳು ಅಜ್ಜಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಇನ್ಮ್ಯಾಕೆ ನಿನ್ ಮನೇಲೂ ಇರ್ತಾಳೆ ಬಿಡು."